ಜೀವಾಮೃತ: ಓದಿದ್ದು ಸಾಕಷ್ಟಾಯಿತು, ಆರಂಭ ಎಲ್ಲಿಂದ?

ಪ್ರಶ್ನೆ:
ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ಪದ್ಧತಿಯ ಬಗ್ಗೆ ಸಿಕ್ಕ ವೀಡಿಯೊಗಳನ್ನೆಲ್ಲ ನೋಡಿ ಟಿಪ್ಪಣಿ ಬರೆದುಕೊಂಡಿದ್ದರೂ, ಒಬ್ಬರು ಹೇಳಿದ ಅಳತೆಗೂ ಇನ್ನೊಬ್ಬರದಕ್ಕೂ ವ್ಯತ್ಯಾಸ ಕಂಡಾಗಲೆಲ್ಲ ಮತ್ತೆ ಹುಡುಕಾಟದಲ್ಲೇ ತೊಡಗುತ್ತೇನೆ. ನಮ್ಮ ಒಂದು ಎಕರೆ ಅಡಿಕೆ ತೋಟಕ್ಕೆ ಈವರೆಗೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಮುಂತಾದವನ್ನು ನೀರಿನಲ್ಲಿ ಹುದುಗಿಸಿ ಮಾಡುವ ದ್ರವ) ಹಾಕಿಲ್ಲ. ಅನುಭವಿಗಳು ದಯವಿಟ್ಟು ದಾರಿ ತೋರಿಸಿ.

ಉತ್ತರ 1:
ಇಡೀ ಎಕರೆಯನ್ನು ಬಿಟ್ಟು ಹತ್ತು ಗುಂಟೆ ಮಾತ್ರ ಆರಿಸಿಕೊಳ್ಳಿ. ಎಕರೆಗೆ 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು ತಲಾ 2 ಕೆ.ಜಿ., ಬದುವಿನ ಒಂದು ಹಿಡಿ ಮಣ್ಣು ಎಂಬುದು ಪ್ರಚಲಿತ ಅಳತೆ. ನಿಮಗೆ ಇದರ ಕಾಲು ಭಾಗ ಸಾಕು. ಗಂಜಲ ಐದೋ ಹತ್ತೋ ಎಂಬ ಚರ್ಚೆಯಲ್ಲಿ ದಿನ ಕಳೆಯಬೇಡಿ, ಲಭ್ಯವಿರುವಷ್ಟನ್ನು ಬಳಸಿ. ನೆರಳಿನಲ್ಲಿಟ್ಟು, ಗೋಣಿಚೀಲ ಮುಚ್ಚಿ, ದಿನಕ್ಕೆರಡು ಬಾರಿ ಕೋಲಿನಿಂದ ತಿರುಗಿಸಿದರೆ 48 ಗಂಟೆಗಳ ನಂತರ ಸಿದ್ಧವಾಗುತ್ತದೆ, ವಾರದೊಳಗೆ ಮುಗಿಸಿ.

ಉತ್ತರ 2:
ಹಾಕುವ ಮೊದಲೇ ಮಣ್ಣಿನ ಮಾದರಿಯನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ಉಳಿದ ಮೂವತ್ತು ಗುಂಟೆಗೆ ಈಗಿನ ಗೊಬ್ಬರವನ್ನೇ ಮುಂದುವರಿಸಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಅಡಿಕೆ ನಿಧಾನದ ಬೆಳೆಯಾದ್ದರಿಂದ ಒಂದೇ ಹಂಗಾಮಿನ ಫಸಲು ನೋಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಮರದ ಬುಡಕ್ಕೆ ಸೋಗೆಯ ಮುಚ್ಚಿಗೆ ಮಾಡಿ, ತೇವವಿರುವಾಗಲೇ ಹಾಕಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಬಾವಿಯ ಪಕ್ಕದ ಹತ್ತು ಗುಂಟೆಯನ್ನು ಆರಿಸಿಕೊಂಡಿದ್ದೇನೆ. ಮನೆಯಲ್ಲಿ ಹುರುಳಿಯಿದೆ, ಕಡಲೆ ಹಿಟ್ಟಿನ ಬದಲು ಅದರ ಹಿಟ್ಟು ಆಗುತ್ತದೆಯೇ?

ಉತ್ತರ 1:
ಖಂಡಿತ ಆಗುತ್ತದೆ. ಅರ್ಧ ಕೆ.ಜಿ. ಬೀಸಿಸಿಕೊಳ್ಳಿ.