ಹೊಸದಾಗಿ ತಂದ ಕೋರಿ ಮೀನುಗಳು ಗಾಜಿನುದ್ದಕ್ಕೂ ಮೇಲೆ ಕೆಳಗೆ ಓಡಾಡುತ್ತಲೇ ಇವೆ, ಕಾರಣವೇನು?

ಪ್ರಶ್ನೆ: ಗಪ್ಪಿಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಇದೆ. ಆರು ತಿಂಗಳಿಂದ ಅದರಲ್ಲಿ ಎಂಟು ಗಪ್ಪಿಗಳು ಯಾವ ತೊಂದರೆಯೂ ಇಲ್ಲದೆ ಬೆಳೆಯುತ್ತಿವೆ. ತಳದಲ್ಲಿ ಓಡಾಡುವ ಮೀನು ಇದ್ದರೆ ಚೆನ್ನಾಗಿರುತ್ತದೆ ಎನ್ನಿಸಿ, ಕಳೆದ ಭಾನುವಾರ ಬೆಂಗಳೂರಿಗೆ ಹೋಗಿದ್ದಾಗ ನಾಲ್ಕು ಕಂಚು ಬಣ್ಣದ ಕೋರಿಡೋರಸ್ ಮೀನುಗಳನ್ನು (ಕೋರಿ ಎಂದು ಕರೆಯುವ, ಮೀಸೆಯಿರುವ ಪುಟ್ಟ ಮೀನು) ತಂದೆ. ರೈಲಿನಲ್ಲಿ ಬರುವಾಗ ಸುಮಾರು ನಾಲ್ಕು ಗಂಟೆ ಕಾಲ ಅವು ಪ್ಲಾಸ್ಟಿಕ್ ಚೀಲದಲ್ಲೇ ಇದ್ದವು. ಮನೆಗೆ ಬಂದು ಚೀಲವನ್ನು ಅರ್ಧ ಗಂಟೆ ಟ್ಯಾಂಕಿನ ನೀರಿನಲ್ಲಿ ತೇಲಿಬಿಟ್ಟು, ಆಮೇಲೆ ಮೀನುಗಳನ್ನು ಬಲೆಯಲ್ಲಿ ಎತ್ತಿ ಬಿಟ್ಟೆ.

ಅಂದಿನಿಂದ ಇಂದಿಗೆ ಮೂರು ದಿನಗಳಾದವು. ಅಂಗಡಿಯಲ್ಲಿ ಮರಳು ಮೂಸುತ್ತಾ ತಣ್ಣಗಿದ್ದ ಈ ಮೀನುಗಳು ಇಲ್ಲಿ ತಳಕ್ಕೆ ಹೋಗುವುದೇ ಇಲ್ಲ. ಗಾಜಿಗೆ ಮೂತಿ ಒತ್ತಿಕೊಂಡು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿಡುವಿಲ್ಲದೆ ಈಜುತ್ತಿರುತ್ತವೆ. ನಡುನಡುವೆ ಬಾಣದಂತೆ ಮೇಲ್ಮೈಗೆ ಚಿಮ್ಮಿ ಹಿಂದಿರುಗುತ್ತವೆ. ಎಂಟು ವರ್ಷದ ನನ್ನ ಮಗಳು ಅದನ್ನು ಕುಣಿತವೆಂದು ತಿಳಿದು ಸಂತೋಷಪಡುತ್ತಿದ್ದಾಳೆ, ಆದರೆ ನನಗೆ ಅದು ಸಂತೋಷದ ಚಲನೆಯಂತೆ ಕಾಣುತ್ತಿಲ್ಲ. ಹೊಸ ಮೀನು ಬರುತ್ತವೆಂದು ಹಿಂದಿನ ದಿನವೇ ತಳದ ಜಲ್ಲಿಯನ್ನೂ ಫಿಲ್ಟರಿನ ಸ್ಪಂಜನ್ನೂ ನಲ್ಲಿಯ ಕೆಳಗೆ ಹಿಡಿದು, ಕಂದು ನೀರು ಬರುವುದು ನಿಲ್ಲುವವರೆಗೂ ಹಿಂಡಿ ತೊಳೆದಿದ್ದೇನೆ. ಆದ್ದರಿಂದ ನೀರು ಕೊಳೆಯಾಗಿರುವ ಸಾಧ್ಯತೆ ಇಲ್ಲ. ಗಪ್ಪಿಗಳು ಎಂದಿನಂತೆಯೇ ಇವೆ. ಹೊಸ ಜಾಗಕ್ಕೆ ಹೊಂದಿಕೊಳ್ಳಲು ಇಷ್ಟು ದಿನ ಬೇಕಾಗುತ್ತದೆಯೇ, ಅಥವಾ ನಾನು ಏನಾದರೂ ಮಾಡಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ತಳಮರಳು, ಬೆಂಗಳೂರು

ನಮಸ್ಕಾರ. ನೀವು ಒಂದೇ ಉಸಿರಿನಲ್ಲಿ ಬರೆದಿರುವುದರಲ್ಲಿ ಎರಡು ಬೇರೆ ಬೇರೆ ನಡವಳಿಕೆಗಳಿವೆ. ಮೊದಲು ಅವುಗಳನ್ನು ಬಿಡಿಸಿ ನೋಡಬೇಕು.

ಮೇಲ್ಮೈಗೆ ಚಿಮ್ಮಿ ಹಿಂದಿರುಗುವುದು ಕೋರಿಗಳ ಹುಟ್ಟುಗುಣ. ಅವು ಕಿವಿರುಗಳಿಂದಷ್ಟೇ ಅಲ್ಲದೆ ಕರುಳಿನಿಂದಲೂ ಉಸಿರಾಡಬಲ್ಲವು. ಮೇಲೆ ಬಂದು ಒಂದು ಗುಟುಕು ಗಾಳಿಯನ್ನು ನುಂಗಿದರೆ, ರಕ್ತನಾಳಗಳು ದಟ್ಟವಾಗಿರುವ ಕರುಳಿನ ಹಿಂಭಾಗ ಅದರಲ್ಲಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನಮ್ಮ ಕೆರೆಗಳ ಚೇಳುಮೀನು ಕೂಡ ಮೇಲೆ ಬಂದು ಗಾಳಿ ಕುಡಿಯುತ್ತದೆಯಾದರೂ ಅದಕ್ಕೆ ಕಿವಿರಿನ ಹಿಂದೆ ಉದ್ದನೆಯ ಗಾಳಿಚೀಲಗಳಿವೆ, ಕೋರಿಗೆ ಆ ಕೆಲಸವನ್ನು ಕರುಳೇ ಮಾಡುತ್ತದೆ. ದಕ್ಷಿಣ ಅಮೆರಿಕದ ಹಳ್ಳಗಳಲ್ಲಿ ನೀರು ಬತ್ತಿ ಆಮ್ಲಜನಕ ಕಡಿಮೆಯಾಗುವ ತಿಂಗಳುಗಳಲ್ಲಿ ಅವುಗಳನ್ನು ಉಳಿಸುವುದು ಈ ಗುಣವೇ. ಆದ್ದರಿಂದ ಅಪರೂಪಕ್ಕೊಮ್ಮೆ ಚಿಮ್ಮಿದರೆ ಚಿಂತೆ ಬೇಡ. ಒಂದೇ ಮೀನು ನಿಮಿಷಕ್ಕೊಮ್ಮೆ ಮೇಲೆ ಬರುತ್ತಿದ್ದರೆ ಮಾತ್ರ ನೀರಿನಲ್ಲಿ ಆಮ್ಲಜನಕ ಸಾಲುತ್ತಿಲ್ಲ, ಇಲ್ಲವೇ ಕಿವಿರುಗಳು ಕೆಲಸ ಮಾಡಲಾಗದ ಸ್ಥಿತಿಯಲ್ಲಿವೆ ಎಂದು ತಿಳಿಯಬೇಕು.

ಗಾಜಿಗೆ ಮೂತಿ ಒತ್ತಿಕೊಂಡು ಮೇಲೆ ಕೆಳಗೆ ಈಜುವುದು ಎರಡನೆಯದು. ಇರುವ ಜಾಗದಿಂದ ಹೊರಗೆ ಹೋಗಬೇಕೆನ್ನುವ ಮೀನು ಹೀಗೆ ಮಾಡುತ್ತದೆ. ನದಿಯಲ್ಲಾದರೆ ಸರಿಬಾರದ ನೀರನ್ನು ಬಿಟ್ಟು ಅದು ಮುಂದಕ್ಕೆ ಈಜಿ ಹೋಗುತ್ತಿತ್ತು, ಇಲ್ಲಿ ಹೋಗಲು ದಾರಿಯಿಲ್ಲದ್ದರಿಂದ ಗಾಜಿನ ಮೇಲೆಯೇ ಆ ಪ್ರಯಾಣವನ್ನು ಮಾಡುತ್ತಿರುತ್ತದೆ. ಹೊಸ ಜಾಗದ ಗಾಬರಿಯಿಂದ ಒಂದೆರಡು ದಿನ ಹೀಗಾಗುವುದುಂಟು, ಆದರೆ ಅದು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಮೂರನೆಯ ದಿನವೂ ಅಷ್ಟೇ ಜೋರಾಗಿದೆ ಎಂದರೆ ನಾನು ನೀರನ್ನೇ ಅನುಮಾನಿಸುತ್ತೇನೆ. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ನೀವು ಕೊಳೆ ಎಂದು ಹಿಂಡಿ ತೊಳೆದ ಆ ಕಂದು ಪದಾರ್ಥದಲ್ಲೇ ಟ್ಯಾಂಕನ್ನು ಬದುಕಿಸಿದ್ದ ಬ್ಯಾಕ್ಟೀರಿಯಾಗಳಿದ್ದವು. ಮೀನಿನ ಕಿವಿರು ಮತ್ತು ಮಲದಿಂದ ಬರುವ ಅಮೋನಿಯವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾಗಳು ನೀರಿಗಿಂತ ಹೆಚ್ಚಾಗಿ ಸ್ಪಂಜಿಗೆ, ಜಲ್ಲಿಗೆ ಅಂಟಿಕೊಂಡಿರುತ್ತವೆ. ನಲ್ಲಿ ನೀರಿನ ಕ್ಲೋರಿನ್ ತಗುಲಿದರೆ ಬಹುಪಾಲು ಸಾಯುತ್ತವೆ. ಎರಡನ್ನೂ ಒಂದೇ ದಿನ ತೊಳೆದು, ಮರುದಿನವೇ ನಾಲ್ಕು ಮೀನುಗಳನ್ನು ಸೇರಿಸಿದ್ದೀರಿ. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ.

ಬೇರೆ ಏನನ್ನೂ ಮಾಡುವ ಮೊದಲು ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತಂದು ಅಮೋನಿಯ, ನೈಟ್ರೈಟ್ ಮತ್ತು ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ನೋಡಿ ತಿಳಿಸಿ. ಅಲ್ಲಿಯವರೆಗೆ ಆಹಾರ ಹಾಕಬೇಡಿ, ಏರ್ ಪಂಪ್ ಇದ್ದರೆ ಹಗಲೂ ರಾತ್ರಿಯೂ ಓಡಿಸಿ.

ಉತ್ತರ 2: ಮೀಸೆಮೀನು, ಹುಬ್ಬಳ್ಳಿ

ಮೇಲಿನವರು ಹೇಳಿದಂತೆ ನೀರಿನ ಪರೀಕ್ಷೆಯೇ ಮೊದಲು ಆಗಲಿ. ಅದರ ಜೊತೆಗೆ ಇನ್ನು ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಕೋರಿಗಳು ಗುಂಪಿನಲ್ಲಿ ಬದುಕುವ ಮೀನುಗಳು. ನಾಲ್ಕು ಎನ್ನುವುದು ಅವುಗಳ ಮಟ್ಟಿಗೆ ಗುಂಪೇ ಅಲ್ಲ, ಕನಿಷ್ಠ ಆರಾದರೂ ಇದ್ದಾಗ ಧೈರ್ಯವಾಗಿ ತಳದಲ್ಲಿ ಓಡಾಡುತ್ತವೆ. ಆದರೆ ನೀರು ಸರಿಹೋಗುವವರೆಗೆ ಹೊಸ ಮೀನು ತರಬೇಡಿ, ಇರುವ ಮೀನುಗಳ ತೊಂದರೆ ಇನ್ನೂ ಹೆಚ್ಚುತ್ತದೆ.

ತಳದಲ್ಲಿ ಎಂಥ ಜಲ್ಲಿ ಇದೆ ಎಂದು ನೀವು ಬರೆದಿಲ್ಲ. ಅಂಗಡಿಯಲ್ಲಿ ಅವು ಮರಳಿನ ಮೇಲೆ ಇದ್ದವು ಎನ್ನುತ್ತೀರಿ. ಕೋರಿ ತನ್ನ ಮೀಸೆಗಳನ್ನು ಮರಳಿನೊಳಗೆ ಇಳಿಸಿ, ಒಂದು ಬಾಯಿ ಮರಳನ್ನು ಎತ್ತಿಕೊಂಡು, ತಿನ್ನುವುದನ್ನು ಉಳಿಸಿಕೊಂಡು ಉಳಿದದ್ದನ್ನು ಕಿವಿರಿನ ಸಂದಿಯಿಂದ ಹೊರಗೆ ಸುರಿಸುತ್ತದೆ. ಹರಿತವಾದ ದಪ್ಪ ಜಲ್ಲಿಯಲ್ಲಿ ಇದು ಸಾಧ್ಯವಾಗುವುದಿಲ್ಲ. ಜಲ್ಲಿಯ ಸಂದುಗಳಲ್ಲಿ ಸಿಕ್ಕಿ ಕೊಳೆಯುವ ಆಹಾರ ಮೀಸೆಗಳಿಗೆ ಸೋಂಕು ತಗುಲಿಸಿ ಸವೆಸುತ್ತದೆ. ಒಮ್ಮೆ ಹತ್ತಿರ ಕುಳಿತು ನಾಲ್ಕೂ ಮೀನುಗಳ ಮೀಸೆ ಒಂದೇ ಉದ್ದವಾಗಿವೆಯೇ ಎಂದು ನೋಡಿ.

ಟ್ಯಾಂಕಿನ ಹಿಂಬದಿಯ ಮತ್ತು ಪಕ್ಕದ ಗಾಜಿಗೆ ಕಪ್ಪು ಕಾಗದ ಅಂಟಿಸುವುದೂ ಒಳ್ಳೆಯದು. ಟ್ಯಾಂಕಿನೊಳಗೆ ಬೆಳಕಿದ್ದು ಹೊರಗೆ ಕತ್ತಲಿದ್ದರೆ ಗಾಜು ಕನ್ನಡಿಯಾಗುತ್ತದೆ, ಮೀನಿಗೆ ಅಲ್ಲಿ ಇನ್ನೊಂದು ಮೀನು ಕಾಣುತ್ತದೆ. ಮುಂದೆ ಕೋರಿಗಳನ್ನು ಹಿಡಿಯಬೇಕಾದಾಗ ಬಲೆಯ ಬದಲು ಲೋಟ ಅಥವಾ ಡಬ್ಬಿಯನ್ನು ಬಳಸಿ. ಅವುಗಳ ಪಕ್ಕದ ರೆಕ್ಕೆಗಳ ಮೊದಲ ಮುಳ್ಳು ಗಾಬರಿಯಾದಾಗ ಸೆಟೆದು ನಿಲ್ಲುತ್ತದೆ, ಅದು ಬಲೆಯಲ್ಲಿ ಸಿಕ್ಕಿಕೊಂಡರೆ ಬಿಡಿಸುವಾಗ ಮೀನಿಗೂ ನೋವು, ಚುಚ್ಚಿದರೆ ನಮಗೂ ನೋವು.

ಗಪ್ಪಿಮನೆ:

ಇಬ್ಬರಿಗೂ ಧನ್ಯವಾದಗಳು. ಇಂದು ಸಂಜೆ ಕಿಟ್ ತಂದು ಪರೀಕ್ಷಿಸಿದೆ. ಅಮೋನಿಯದ ನಳಿಕೆ ಹಳದಿಯಾಗಿ ಉಳಿಯುವ ಬದಲು ಹಸಿರಾಯಿತು. ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಭಾಗ), ನೈಟ್ರೈಟ್ 0.5, ಪಿಎಚ್ 8. ನೀರಿನ ಉಷ್ಣತೆ 26 ಡಿಗ್ರಿ. ನಾವು ಟ್ಯಾಂಕಿಗೆ ಬೋರ್‌ವೆಲ್ ನೀರನ್ನೇ ಹಾಕುತ್ತೇವೆ, ತೊಳೆಯಲು ಮಾತ್ರ ನಲ್ಲಿ ನೀರು ಬಳಸಿದ್ದೆ. ಜಲ್ಲಿ ದಪ್ಪನೆಯದು, ಬಣ್ಣ ಬಳಿದದ್ದು. ಒಂದು ಮೀನಿನ ಎಡಗಡೆಯ ಮೀಸೆ ಮೊಂಡಾಗಿರುವಂತೆ ಕಾಣುತ್ತದೆ. ಒಳ್ಳೆಯದಾಗಲೆಂದು ಮಾಡಿದ ಕೆಲಸವೇ ಮೀನುಗಳಿಗೆ ತೊಂದರೆ ಕೊಟ್ಟಿತೆಂದು ತಿಳಿದು ಬಹಳ ಬೇಸರವಾಗುತ್ತಿದೆ. ಒಂದು ಅನುಮಾನ ಮಾತ್ರ ಉಳಿದಿದೆ: ನೀರಿನಲ್ಲಿ ಅಮೋನಿಯ ಇದ್ದರೆ ಗಪ್ಪಿಗಳಿಗೇಕೆ ಏನೂ ಆಗಿಲ್ಲ? ಹತ್ತಿರದ ಅಂಗಡಿಯವರು ಉಪ್ಪು ಹಾಕಿ ಎನ್ನುತ್ತಿದ್ದಾರೆ, ಹಾಕಬಹುದೇ?

ತಳಮರಳು:

ಬೇಸರ ಮಾಡಿಕೊಳ್ಳಬೇಡಿ, ನಾಲ್ಕೂ ಬದುಕಿರುವಾಗ ಸರಿಪಡಿಸಲು ಸಮಯವಿದೆ. ಉಪ್ಪು ಬೇಡ, ಅದು ಅಮೋನಿಯವನ್ನು ತೆಗೆಯುವುದಿಲ್ಲ. ಇಂದು ರಾತ್ರಿಯೇ ಅರ್ಧದಷ್ಟು ನೀರನ್ನು ಬದಲಾಯಿಸಿ. ಅದೇ ಬೋರ್‌ವೆಲ್ ನೀರನ್ನು, ಟ್ಯಾಂಕಿನಷ್ಟೇ ಉಷ್ಣತೆಯಲ್ಲಿ, ನಿಧಾನವಾಗಿ ತುಂಬಿಸಿ. ಈ ಹೊತ್ತಿನಲ್ಲಿ ಬೇರೆ ಬಗೆಯ ನೀರಿಗೆ ಹೋಗುವುದು ಬೇಡ. ಮುಂದೆ ನಲ್ಲಿ ನೀರನ್ನು ಬಳಸುವುದಾದರೆ ಥಯೋಸಲ್ಫೇಟ್ ಇರುವ ಕ್ಲೋರಿನ್ ನಿವಾರಕದ ಹನಿಗಳನ್ನು ಹಾಕಿ, ಇಲ್ಲವೇ ಒಂದು ದಿನ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿಟ್ಟ ನೀರನ್ನು ಬಳಸಿ. ನಾಳೆಯಿಂದ ಪ್ರತಿದಿನವೂ ಪರೀಕ್ಷಿಸಿ, ಅಮೋನಿಯ ಅಥವಾ ನೈಟ್ರೈಟ್ 0.25 ದಾಟಿದರೆ ಮತ್ತೆ ಮೂರನೇ ಒಂದು ಭಾಗ ಬದಲಾಯಿಸಿ. ಫಿಲ್ಟರನ್ನು ಮುಟ್ಟಬೇಡಿ. ಪರಿಚಯದವರ ಆರೋಗ್ಯವಾದ ಟ್ಯಾಂಕಿನಿಂದ ಒಂದು ತುಂಡು ಹಳೆಯ ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿನಲ್ಲಿ ಇಟ್ಟರೆ ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ.

ಗಪ್ಪಿಗಳ ಬಗ್ಗೆ ಕೇಳಿದ್ದೀರಿ. ನಿಮ್ಮ ಗಪ್ಪಿಗಳಿಗೆ ಗಡಸು ನೀರು ಒಗ್ಗುತ್ತದೆ, ಈ ಟ್ಯಾಂಕಿನ ನೀರಿಗೆ ಅವು ಆರು ತಿಂಗಳಿಂದ ಹೊಂದಿಕೊಂಡಿವೆ. ಕೋರಿಗಳಾದರೋ ಚೀಲದಲ್ಲಿ ನಾಲ್ಕು ಗಂಟೆ ಕಳೆದು, ಆ ದಣಿವಿನಲ್ಲೇ ಈ ನೀರಿಗೆ ಬಿದ್ದವು. ಮುಚ್ಚಿದ ಚೀಲದಲ್ಲಿ ಮೀನು ಬಿಡುವ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡು ಪಿಎಚ್ ಇಳಿಯುತ್ತದೆ. ಹಾಗಾಗಿ ಅದೇ ಚೀಲದಲ್ಲಿ ಸೇರುವ ಅಮೋನಿಯದ ಬಹುಪಾಲು, ಅಷ್ಟು ಅಪಾಯವಿಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. ನಿಮ್ಮ ಟ್ಯಾಂಕಿನ ಲೆಕ್ಕವೇ ಬೇರೆ. 26 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಒಟ್ಟು ಅಮೋನಿಯದಲ್ಲಿ ವಿಷಕಾರಿ ಭಾಗ ಶೇಕಡಾ ಒಂದಕ್ಕಿಂತಲೂ ಕಡಿಮೆ, ಪಿಎಚ್ 8 ಇದ್ದರೆ ಅದು ಶೇಕಡಾ ಐದಾರಕ್ಕೆ ಏರುತ್ತದೆ. ಅಂದರೆ ಕಿಟ್ ತೋರಿಸುವ ಅದೇ 1 ಪಿಪಿಎಂ, ಪಿಎಚ್ 8ರ ನಿಮ್ಮ ನೀರಿನಲ್ಲಿ ಸುಮಾರು ಹತ್ತುಪಟ್ಟು ತೀಕ್ಷ್ಣವಾಗಿರುತ್ತದೆ. ಉಷ್ಣತೆ ಹೊಂದಿಸಲು ಚೀಲವನ್ನು ತೇಲಿಬಿಟ್ಟಿರಿ, ಅದು ಸರಿಯೇ. ನೀರಿನ ಗುಣ ಹೊಂದಿಕೊಳ್ಳಲು ಮಾತ್ರ ಅವುಗಳಿಗೆ ಸಮಯವೇ ಸಿಗಲಿಲ್ಲ. ಮುಂದಿನ ಬಾರಿ ಚೀಲದ ನೀರಿನೊಂದಿಗೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ತೆಳುವಾದ ಏರ್ ಪೈಪಿನಲ್ಲಿ ಗಂಟು ಹಾಕಿ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಮುಕ್ಕಾಲು ಗಂಟೆ ಇಳಿಸಿ. ಚೀಲದ ನೀರನ್ನು ಟ್ಯಾಂಕಿಗೆ ಸುರಿಯಬೇಡಿ.

ಉತ್ತರ 3: ತುಂಗಾತೀರ, ಶಿವಮೊಗ್ಗ

ನಾನು ಕೋರಿಗಳನ್ನು ಸಾಕಿಲ್ಲ, ತಳದಲ್ಲೇ ಓಡಾಡುವ ಪಟ್ಟೆ ಲೋಚ್‌ಗಳನ್ನು ಸಾಕುತ್ತಿದ್ದೇನೆ. ಅಂಗಡಿಗಳಲ್ಲಿ ಜೀಬ್ರಾ ಲೋಚ್ ಎಂದು ಮಾರುವ, ಬೋಟಿಯ ಸ್ಟ್ರಿಯಾಟ ಎಂಬ ಈ ಮೀನು ಪಶ್ಚಿಮ ಘಟ್ಟದ್ದೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಅವರು ನಮ್ಮ ತುಂಗಾ ನದಿಯ ಮೀನನ್ನು ನೋಡಿ 1920ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿದರು. ಈಗ ಅದು ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಆದ್ದರಿಂದ ಇದನ್ನು ಓದಿದ ಯಾರೂ ಹೊಳೆಯಿಂದ ಹಿಡಿದು ತರಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇದನ್ನಿಲ್ಲಿ ಹೇಳಲು ಕಾರಣವಿದೆ. ನನ್ನ ಲೋಚ್‌ಗಳೂ ಬಂದ ಹೊಸದರಲ್ಲಿ ಎರಡು ವಾರ ಗಾಜಿನ ಮೇಲೆಯೇ ಇದ್ದವು. ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಇದ್ದವು. ಕೊನೆಗೆ ಗಮನಿಸಿದಾಗ ತಿಳಿದದ್ದು ಇಷ್ಟು: ಅವುಗಳಿಗೆ ಅಡಗಲು ಒಂದೇ ಒಂದು ಕಲ್ಲಿನ ಸಂದು ಇತ್ತು, ಅದನ್ನು ದೊಡ್ಡ ಮೀನು ಆಕ್ರಮಿಸಿಕೊಂಡಿತ್ತು. ಹೊಳೆಯ ಉರುಟು ಕಲ್ಲುಗಳನ್ನು ಒಂದರ ಮೇಲೊಂದು ಜೋಡಿಸಿ ಏಳೆಂಟು ಸಂದುಗಳನ್ನು ಮಾಡಿಕೊಟ್ಟ ರಾತ್ರಿಯೇ ಓಡಾಟ ನಿಂತಿತು. ನೀರನ್ನು ಸರಿಪಡಿಸಿದ ಮೇಲೂ ನಿಮ್ಮ ಕೋರಿಗಳು ಓಡುತ್ತಿದ್ದರೆ, ನೆರಳು ಮತ್ತು ಆಸರೆಯ ಬಗ್ಗೆ ಯೋಚಿಸಿ. ಒಂದು ಮರದ ಬೇರು, ಅದರ ಕೆಳಗೆ ಒಂದಿಷ್ಟು ಕತ್ತಲೆ ಇದ್ದರೂ ಸಾಕಾಗಬಹುದು.

ಮೀಸೆಮೀನು:

ಇನ್ನೊಂದು ಸಂಗತಿಯನ್ನು ಹೇಳಲು ಮರೆತೆ. ನೀರು ಬದಲಾಯಿಸಿದ ಮೇಲೆ ಕೋರಿಗಳು ಕೆಲವು ಗಂಟೆ ಮತ್ತೆ ಚುರುಕಾಗಬಹುದು, ಅದನ್ನು ಕಂಡು ಹೆದರಬೇಡಿ. ಹೊಸ ಮಳೆಯ ತಂಪು ನೀರು ಬಂದಾಗ ಮೊಟ್ಟೆಯಿಡುವ ಮೀನುಗಳಾದ್ದರಿಂದ ತಾಜಾ ನೀರು ಅವುಗಳನ್ನು ಎಬ್ಬಿಸುತ್ತದೆ. ಗಾಬರಿಯ ಓಟಕ್ಕೂ ಇದಕ್ಕೂ ವ್ಯತ್ಯಾಸ ಕಾಣುತ್ತದೆ. ಗಾಬರಿಯಲ್ಲಿ ಒಂದೊಂದು ಮೀನು ಒಂದೊಂದು ಮೂಲೆಯಲ್ಲಿ ಒಂಟಿಯಾಗಿ ಓಡುತ್ತದೆ, ರೆಕ್ಕೆ ದೇಹಕ್ಕೆ ಅಂಟಿಕೊಂಡಿರುತ್ತದೆ, ಕಿವಿರು ಬೇಗಬೇಗ ಬಡಿಯುತ್ತದೆ. ತಾಜಾ ನೀರಿನ ಖುಷಿಯಲ್ಲಿ ಒಂದರ ಹಿಂದೆ ಒಂದು ಹೋಗುತ್ತವೆ, ಬೆನ್ನಿನ ರೆಕ್ಕೆ ಬಾವುಟದಂತೆ ನೆಟ್ಟಗಿರುತ್ತದೆ, ನಡುನಡುವೆ ತಳಕ್ಕಿಳಿದು ಮೂಸುತ್ತವೆ.

ಗಪ್ಪಿಮನೆ:

ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಮೊದಲ ರಾತ್ರಿ ಅರ್ಧ ನೀರು ಬದಲಾಯಿಸಿದ ಮೇಲೆ ಎರಡು ಮೀನುಗಳು ತಳಕ್ಕೆ ಇಳಿದವು, ಉಳಿದೆರಡು ಮರುದಿನವೂ ಓಡುತ್ತಿದ್ದವು. ಪಕ್ಕದ ಬೀದಿಯ ಸ್ನೇಹಿತರ ಟ್ಯಾಂಕಿನಿಂದ ಅಂಗೈಯಷ್ಟು ಹಳೆಯ ಸ್ಪಂಜು ಸಿಕ್ಕಿತು. ಐದನೆಯ ದಿನ ಅಮೋನಿಯದ ನಳಿಕೆ ಹಳದಿಯಾಗಿಯೇ ಉಳಿಯಿತು. ನೈಟ್ರೈಟ್ ಮಾತ್ರ ಹತ್ತನೆಯ ದಿನದವರೆಗೂ ಕಾಡಿತು, ಅಲ್ಲಿಯವರೆಗೆ ದಿನ ಬಿಟ್ಟು ದಿನ ನೀರು ಬದಲಾಯಿಸಿದೆ. ಬಣ್ಣದ ಜಲ್ಲಿಯನ್ನು ಒಮ್ಮೆಗೇ ತೆಗೆಯದೆ ಮೂರು ಕಂತುಗಳಲ್ಲಿ ತೆಗೆದು, ಚೆನ್ನಾಗಿ ತೊಳೆದ ನುಣುಪು ಮರಳನ್ನು ಹಾಕುತ್ತಿದ್ದೇನೆ. ಕೊನೆಯ ಕಂತು ಬಾಕಿ ಇದೆ. ಹಿಂಬದಿಗೆ ಕಪ್ಪು ಕಾಗದ ಅಂಟಿಸಿದ್ದೇನೆ, ಒಂದು ಬೇರನ್ನೂ ಇಟ್ಟಿದ್ದೇನೆ.

ನಾಲ್ಕೂ ಬದುಕಿವೆ. ಮೊಂಡಾಗಿದ್ದ ಮೀಸೆ ಸ್ವಲ್ಪ ಬೆಳೆದಂತೆ ಕಾಣುತ್ತದೆ. ನಿನ್ನೆ ರಾತ್ರಿ ದೀಪ ಆರಿಸಿದ ಮೇಲೆ ಮಗಳು ಟ್ಯಾಂಕಿನ ಮುಂದೆ ಕುಳಿತು, ಬೇರಿನ ಕೆಳಗೆ ಒತ್ತಾಗಿ ಮಲಗಿದ್ದ ಮೂರನ್ನು ಎಣಿಸಿ, ನಾಲ್ಕನೆಯದಕ್ಕಾಗಿ ಹುಡುಕಿದಳು. ಅದು ಮರಳಿನ ಭಾಗದಲ್ಲಿ ಕಣ್ಣಿನವರೆಗೂ ಮೂತಿ ಹುದುಗಿಸಿಕೊಂಡಿತ್ತು, ಕಿವಿರಿನಿಂದ ಮರಳು ಸಣ್ಣಗೆ ಸುರಿಯುತ್ತಿತ್ತು. ಕಣ್ಣನ್ನು ಒಮ್ಮೆ ಕೆಳಕ್ಕೆ ಉರುಳಿಸಿ ಮೇಲೆತ್ತಿದಾಗ, ಅದು ತನ್ನನ್ನು ನೋಡಿ ಕಣ್ಣು ಮಿಟುಕಿಸಿತೆಂದು ಅವಳು ಹೇಳುತ್ತಿದ್ದಾಳೆ. ನೈಟ್ರೈಟ್ ಇನ್ನೂ ಎರಡು ವಾರ ಸೊನ್ನೆಯಲ್ಲೇ ನಿಂತರೆ, ಇನ್ನೆರಡು ಕೋರಿಗಳನ್ನು ಮೈಸೂರಿನಲ್ಲೇ ಹುಡುಕಿ, ಲೋಟದಲ್ಲಿ ಹಿಡಿಸಿ ತರುತ್ತೇನೆ.