ಸಹಾಯ ಬೇಕು: ರೂಟ್ಸ್‌ಟೆಕ್‌ಗೆ ಹೋದಾಗ ಲೈಬ್ರರಿಗೆ ಎಷ್ಟು ದಿನ ಇಡಲಿ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯುವ ರೂಟ್ಸ್‌ಟೆಕ್ ಎಂಬ ವಂಶಾವಳಿ ಹುಡುಕುವವರ ಸಮ್ಮೇಳನಕ್ಕೆ ಹೆಸರು ಕೊಟ್ಟಿದ್ದೇನೆ, ಗುರುವಾರದಿಂದ ಶನಿವಾರ. ನಿಜ ಹೇಳಬೇಕೆಂದರೆ ಭಾಷಣಗಳಿಗಿಂತ ಜಾಸ್ತಿ ನನ್ನ ಕಣ್ಣಿರುವುದು ಅಲ್ಲೇ ಹತ್ತಿರದ, ಹಳೇ ಕುಟುಂಬ ದಾಖಲೆಗಳಿರುವ ಫ್ಯಾಮಿಲಿಸರ್ಚ್ ಲೈಬ್ರರಿ ಮೇಲೆ.

ನಮ್ಮ ಮುತ್ತಜ್ಜಿ ಆಂಗ್ಲೋ-ಇಂಡಿಯನ್, ಹುಟ್ಟಿದ್ದು ಕೆಜಿಎಫ್‌ನಲ್ಲಿ. ಮನೆಯಲ್ಲಿ ಉಳಿದಿರುವುದು ಒಂದು ಹಳೇ ಬೈಬಲ್. ಮೊದಲ ಪುಟದ ಮಾಸಿದ ಶಾಯಿಯಲ್ಲಿ '1908' ಅಂತ ಮಾತ್ರ ಓದಲು ಆಗುತ್ತದೆ. ಆಗಿನ ಬ್ಯಾಪ್ಟಿಸಂ ದಾಖಲೆಗಳ ನಕಲು ಮದ್ರಾಸಿನಿಂದ ಲಂಡನ್ನಿಗೆ ಹೋಗುತ್ತಿತ್ತು. ಅದರ ಮೈಕ್ರೋಫಿಲ್ಮ್ (ಪುಟಗಳ ಪುಟಾಣಿ ಫೋಟೋಗಳ ಸುರುಳಿ) ಈ ಲೈಬ್ರರಿಯವರ ಹತ್ತಿರ ಇದೆ. ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಿದೆ, ಸ್ಪೆಲ್ಲಿಂಗ್ ತಿರುಚಿ ತಿರುಚಿ ಹುಡುಕಿದೆ, ಊಹೂಂ. ಕ್ಯಾಟಲಾಗಿನಲ್ಲಿ ಫಿಲ್ಮ್ ನಂಬರೇನೋ ಸಿಕ್ಕಿತು, ಆದರೆ ಕ್ಯಾಮೆರಾ ಗುರುತಿನ ಮೇಲೆ ಪುಟ್ಟ ಕೀಲಿ! ಅಂದರೆ ಪುಟಗಳ ಚಿತ್ರ ಮನೆಯಿಂದ ತೆರೆಯಲ್ಲ. ಫಿಲ್ಮ್ ತರಿಸಿಕೊಳ್ಳುವ ಸೌಲಭ್ಯ 2017ರಲ್ಲೇ ನಿಂತುಹೋಗಿದೆ.

ಸಮ್ಮೇಳನದ ದಿನಗಳಲ್ಲಿ ಅಲ್ಲಿ ಜನ ಗಿಜಿಗುಡುತ್ತಾರಂತೆ. ಭಾನುವಾರ ಬಾಗಿಲೇ ತೆಗೆಯಲ್ಲ. ಸೋಮವಾರವೇ ಹೋದರೆ ಹೋಟೆಲ್ ಬಾಡಿಗೆ ಕೈ ಸುಡುತ್ತದೆ.

ಹೋಗಿಬಂದವರು ದಯವಿಟ್ಟು ಹೇಳಿ: 1907ರಿಂದ 1909ರವರೆಗಿನ ಪುಟಗಳನ್ನು ಒಂದೊಂದಾಗಿ ನೋಡಲು ಬುಧವಾರ ಒಂದೇ ದಿನ ಸಾಕಾ, ಇಲ್ಲ ಮಂಗಳವಾರವೂ ಬೇಕಾ?