ಭತ್ತದ ಸುಂಕು ಬಡಿದು ಅವ್ವನ ಕಣ್ಣಿಗೆ ಫಂಗಸ್ ಆಗಿದೆ: ನಾಟಾಮೈಸಿನ್ ಸಾಕಾ, ದುಬಾರಿ ಔಷಧಿಗೆ ಹೋಗಬೇಕಾ?

ಸಿಂಧನೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅವ್ವನಿಗೆ 54 ವರ್ಷ. 18 ದಿನದ ಹಿಂದೆ ಭತ್ತದ ರಾಶಿ ಮಾಡುವಾಗ ಬಲಗಣ್ಣಿಗೆ ಸುಂಕು ಬಡಿಯಿತು. ನೀರಲ್ಲಿ ತೊಳೆದುಕೊಂಡು ಮತ್ತೆ ಕೆಲಸಕ್ಕೆ ನಿಂತರು. ಮರುದಿನ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು. ಓಣಿಯ ಹಿರಿಯರೊಬ್ಬರು ನಂದಿಬಟ್ಟಲು ಹೂವಿನ ರಸ ಬಿಡಿ ಅಂದರು, ಅದನ್ನೂ ಬಿಟ್ಟರು. ನಾನು ಬೆಂಗಳೂರಲ್ಲಿದ್ದೆ. ಫೋನ್ ಮಾಡಿದರೆ "ಏನಿಲ್ಲ, ಕಸ ಬಿದ್ದಿತ್ತು, ಹೋಗುತ್ತದೆ" ಅಂದರು, ನಾನೂ ನಂಬಿದೆ. ಮೂರನೇ ದಿನ ತಮ್ಮ ಮೆಡಿಕಲ್ ಶಾಪಿನಲ್ಲಿ "ಕಣ್ಣು ಕೆಂಪಾಗಿದೆ" ಅಂತ ಹೇಳಿ ಒಂದು ಡ್ರಾಪ್ಸ್ ತಂದ. ಎರಡು ದಿನ ಕೆಂಪು ಇಳಿಯಿತು. ಎಲ್ಲರಿಗೂ ಸಮಾಧಾನ ಆಯಿತು. ಆಮೇಲೆ ಒಂದು ರಾತ್ರಿ ಅವ್ವ ನೋವು ತಡೆಯಲಾಗದೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದರು. ಬೆಳಿಗ್ಗೆ ನೋಡಿದರೆ ಕರಿಗುಡ್ಡೆಯ ಮೇಲೆ ಬೆಳ್ಳನೆಯ ಚುಕ್ಕೆ.

ನಾನು ಊರಿಗೆ ಬಂದು ಎಂಟನೇ ದಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಹುಣ್ಣನ್ನು ಸ್ವಲ್ಪ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಅಲ್ಲೇ ಫಂಗಸ್ ಅಂದರು. ತಮ್ಮ ತಂದಿದ್ದ ಬಾಟಲಿ ತೋರಿಸಿದೆ. ಡಾಕ್ಟರ್ ಬಾಟಲಿಯ ಹಿಂದಿನ ಚೀಟಿ ಓದಿ, ಇದರಲ್ಲಿ ಸ್ಟೀರಾಯ್ಡ್ ಇದೆ, ಇವತ್ತೇ ನಿಲ್ಲಿಸಿ ಅಂದರು.

ಈಗ 10 ದಿನದಿಂದ ನಾಟಾಮೈಸಿನ್ ಡ್ರಾಪ್ಸ್ ಹಾಕುತ್ತಿದ್ದೇವೆ. ಮೊದಲ ವಾರ ಗಂಟೆಗೊಮ್ಮೆ, ಈಗ ಎರಡು ಗಂಟೆಗೊಮ್ಮೆ. ನೋವು ಅರ್ಧ ಕಮ್ಮಿ ಆಗಿದೆ. ಆದರೆ ಬಿಳಿ ಹಾಗೇ ಇದೆ, ದೃಷ್ಟಿ ಇಲ್ಲ, ಕೈ ಆಡಿಸಿದರೆ ಮಾತ್ರ ಗೊತ್ತಾಗುತ್ತದೆ. ನಮ್ಮ ಮಾವ "ಇದು ಹಳೇ ಔಷಧಿ, ವೊರಿಕೊನಜೋಲ್ ಅಂತ ಹೊಸದು ಬಂದಿದೆ, ಮಾತ್ರೆನೂ ಇದೆ, ದೊಡ್ಡ ಊರಿಗೆ ಹೋಗಿ ಕೇಳಿ" ಅನ್ನುತ್ತಾರೆ. ಇನ್ಯಾರೋ ಕಣ್ಣಿಗೆ ಲೈಟ್ ಬಿಟ್ಟು ಗುಣ ಮಾಡುತ್ತಾರೆ ಅಂದರು. ಸಾಲ ಮಾಡಿಯಾದರೂ ಹೋಗುತ್ತೇನೆ, ದುಡ್ಡಿನ ಪ್ರಶ್ನೆ ಅಲ್ಲ. ನಿಜವಾಗಿಯೂ ಉಪಯೋಗ ಇದೆಯಾ? ಇದರ ಬಗ್ಗೆ ಸರಿಯಾದ ಸಂಶೋಧನೆ ಏನಾದರೂ ಆಗಿದೆಯಾ? ತಿಳಿದವರು ಹೇಳಿ.

ಕಾರ್ನಿಯಾ_ಪಿಜಿ:

ಅಣ್ಣಾ, ನಾನು ಕಣ್ಣಿನ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಅವ್ವನ ಕಣ್ಣನ್ನು ನೋಡುತ್ತಿರುವ ಡಾಕ್ಟರ ಮಾತೇ ಕೊನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನೀವು ಕೇಳಿದ ಮೂರೂ ಪ್ರಶ್ನೆಗೆ ಒಳ್ಳೆಯ ಸಂಶೋಧನೆ ಆಗಿದೆ, ಅದೂ ಎಲ್ಲೋ ಅಮೆರಿಕದಲ್ಲಿ ಅಲ್ಲ, ಪಕ್ಕದ ತಮಿಳುನಾಡಿನಲ್ಲಿ, ನಮ್ಮ ಅವ್ವನಂಥ ಹೊಲದ ಜನರ ಮೇಲೇ.

ನಿಮ್ಮ ಮಾವನಿಗೆ ಬಂದ ಅನುಮಾನ ಹದಿನೈದು ವರ್ಷದ ಹಿಂದೆ ದೊಡ್ಡ ಡಾಕ್ಟರುಗಳಿಗೂ ಇತ್ತು. ನಾಟಾಮೈಸಿನ್ 1950ರ ದಶಕದ ಔಷಧಿ. ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಬಂದದ್ದು, ಹೆಸರೂ ಅಲ್ಲಿಂದಲೇ. ಕಣ್ಣಿನ ಒಳಪದರಕ್ಕೆ ಅದು ಚೆನ್ನಾಗಿ ಇಳಿಯುವುದಿಲ್ಲ. ವೊರಿಕೊನಜೋಲ್ ಹೊಸದು, ಒಳಕ್ಕೆ ಚೆನ್ನಾಗಿ ಇಳಿಯುತ್ತದೆ. ಹಾಗಾಗಿ ಹೊಸದೇ ಮೇಲು ಅಂತ ತುಂಬ ಜನ ಅಂದುಕೊಂಡಿದ್ದರು. ಅದನ್ನು ಪರೀಕ್ಷಿಸಲು ಮಧುರೈನ ಅರವಿಂದ್ ಕಣ್ಣಾಸ್ಪತ್ರೆಯವರೂ ಕ್ಯಾಲಿಫೋರ್ನಿಯಾದ ಪ್ರಾಕ್ಟರ್ ಫೌಂಡೇಶನ್‌ನವರೂ ಸೇರಿ ಮಟ್ ಅನ್ನುವ ಟ್ರಯಲ್ ಮಾಡಿದರು. 323 ರೋಗಿಗಳು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ನಾಟಾಮೈಸಿನ್, ಅರ್ಧ ಜನಕ್ಕೆ ವೊರಿಕೊನಜೋಲ್ ಡ್ರಾಪ್ಸ್. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಕಣ್ಣು ಪರೀಕ್ಷೆ ಮಾಡುವವರಿಗೂ ಗೊತ್ತಿಲ್ಲ. 2013ರಲ್ಲಿ ಫಲಿತಾಂಶ ಬಂತು. ಹಳೆಯ ನಾಟಾಮೈಸಿನ್ನೇ ಗೆದ್ದಿತ್ತು. ಮೂರು ತಿಂಗಳ ನಂತರ ನಾಟಾಮೈಸಿನ್ ಹಾಕಿದವರು ಕಣ್ಣಿನ ಚಾರ್ಟಿನಲ್ಲಿ ಸರಾಸರಿ ಎರಡು ಸಾಲಿನಷ್ಟು ಹೆಚ್ಚು ಓದುತ್ತಿದ್ದರು. ಕಣ್ಣು ತೂತಾಗುವುದು, ತುರ್ತಾಗಿ ಕಸಿ ಮಾಡಬೇಕಾಗುವುದು ಅವರಲ್ಲಿ ಕಮ್ಮಿ ಇತ್ತು. ಫ್ಯುಸೇರಿಯಂ ಅನ್ನುವ ಫಂಗಸ್ ಇದ್ದವರಲ್ಲಂತೂ ನಾಲ್ಕು ಸಾಲಿನ ವ್ಯತ್ಯಾಸ. ಆ ಟ್ರಯಲ್‌ನಲ್ಲಿ 40% ಜನಕ್ಕೆ ಇದ್ದದ್ದು ಅದೇ ಫಂಗಸ್. ಮಣ್ಣಲ್ಲಿ, ಬೆಳೆಯಲ್ಲಿ ಎಲ್ಲ ಕಡೆ ಇರುತ್ತದೆ.

ಮಾತ್ರೆ ವಿಷಯ. ಎರಡನೇ ಟ್ರಯಲ್‌ನಲ್ಲಿ, ಭಾರತ ಮತ್ತು ನೇಪಾಳದಲ್ಲಿ, ಹುಣ್ಣು ತುಂಬ ಜೋರಾಗಿದ್ದ 240 ಜನರಿಗೆ ಡ್ರಾಪ್ಸ್ ಜೊತೆ ವೊರಿಕೊನಜೋಲ್ ಮಾತ್ರೆ ಅಥವಾ ಅದರಂತೆ ಕಾಣುವ, ಔಷಧಿ ಇಲ್ಲದ ಸುಮ್ನೆ ಮಾತ್ರೆ ಕೊಟ್ಟು ನೋಡಿದರು. 2016ರಲ್ಲಿ ಬಂದ ಉತ್ತರ: ಕಣ್ಣು ತೂತಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ, ಬದಲಿಗೆ ಲಿವರ್ ಮೇಲೆ ಪರಿಣಾಮದಂಥ ತೊಂದರೆ ಜಾಸ್ತಿ. ಫ್ಯುಸೇರಿಯಂ ಇದ್ದವರಿಗೆ ಮಾತ್ರ ಸ್ವಲ್ಪ ಅನುಕೂಲ ಆಗಿರಬಹುದು ಅನ್ನುವ ಸುಳಿವು ಸಿಕ್ಕಿತು. ಹಾಗಾಗಿ ಹುಣ್ಣು ಆಳಕ್ಕೆ ಹೋಗಿದ್ದರೆ ನಿಮ್ಮ ಡಾಕ್ಟರು ಮಾತ್ರೆ ಬರೆಯಬಹುದು, ಅದು ತಪ್ಪಲ್ಲ. ಆದರೆ ಅವರು ಬರೆಯದಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳಬೇಡಿ. ಕರಿಗುಡ್ಡೆಯ ಒಳಗೇ ವೊರಿಕೊನಜೋಲ್ ಚುಚ್ಚುವುದನ್ನೂ 70 ಜನರಲ್ಲಿ ನೋಡಿದ್ದಾರೆ. ಲಾಭ ಕಾಣಲಿಲ್ಲ.

ಲೈಟ್ ಅಂದರೆ ಕ್ರಾಸ್‌ಲಿಂಕಿಂಗ್ ಇರಬೇಕು. ರೈಬೋಫ್ಲೇವಿನ್ ಹನಿ ಹಾಕಿ ಅಲ್ಟ್ರಾವಯಲೆಟ್ ಬೆಳಕು ಬಿಡುತ್ತಾರೆ. ಬೇರೆ ಕಾಯಿಲೆಗೆ, ಕರಿಗುಡ್ಡೆ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೋಕೋನಸ್‌ಗೆ, ಅದು ಒಳ್ಳೆಯ ಚಿಕಿತ್ಸೆ. ಫಂಗಸ್ ಹುಣ್ಣಿಗೆ ಮಧುರೈಯಲ್ಲೇ 111 ಜನರಲ್ಲಿ ಪರೀಕ್ಷಿಸಿದರು, 2020ರಲ್ಲಿ ಪ್ರಕಟವಾಯಿತು. ಫಂಗಸ್ ಬೇಗ ಸಾಯಲಿಲ್ಲ, ದೃಷ್ಟಿ ಇನ್ನೂ ಕಡಿಮೆ ಬಂತು. ಇದಕ್ಕೋಸ್ಕರ ಸಾಲ ಮಾಡಬೇಡಿ ಅಣ್ಣಾ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ.

10 ದಿನಕ್ಕೆ ನೋವು ಅರ್ಧ ಇಳಿದಿದೆ, ಹುಣ್ಣು ಬೆಳೆದಿಲ್ಲ ಅಂದರೆ ಅದು ಒಳ್ಳೆಯ ಲಕ್ಷಣ. ಫಂಗಸ್ ಹುಣ್ಣು ಮಾಯುವುದೇ ನಿಧಾನ, ವಾರಗಟ್ಟಲೆ ಲೆಕ್ಕ. ಆದರೆ ನೋವು ಮತ್ತೆ ಜೋರಾದರೆ, ಕಣ್ಣಿಂದ ಒಮ್ಮೆಲೇ ಬಿಸಿನೀರು ಸುರಿದ ಹಾಗಾದರೆ, ಕರಿಗುಡ್ಡೆಯ ಹಿಂದೆ ಕೆಳಗಡೆ ಬೆಳ್ಳಗೆ ಕೀವು ನಿಂತಂತೆ ಕಂಡರೆ ಮರುದಿನದವರೆಗೆ ಕಾಯಬೇಡಿ, ಅವತ್ತೇ ಹೋಗಿ.

ಸಾಗರದ_ತೋಟ:

ನಿಮ್ಮ ಅವ್ವನ ಕಥೆ ಓದಿ ನನ್ನದೇ ನೆನಪಾಯಿತು. ನಾಲ್ಕು ವರ್ಷದ ಹಿಂದೆ ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಹೊಡೆಯುವಾಗ ಹುಲ್ಲಿನ ಕಡ್ಡಿ ಸಿಡಿದು ಎಡಗಣ್ಣಿಗೆ ಬಡಿಯಿತು. ನಾನೂ ನಾಲ್ಕು ದಿನ ಹಾಳು ಮಾಡಿಕೊಂಡೆ. ಬಾಣಂತಿಯ ಎದೆಹಾಲು ಬಿಟ್ಟುಕೊಂಡೆ, ಹರಳೆಣ್ಣೆ ಬಿಟ್ಟುಕೊಂಡೆ. ಈಗ ಯಾರಿಗೂ ಅದನ್ನು ಮಾಡಬೇಡಿ ಅಂತ ಕೈಮುಗಿದು ಹೇಳುತ್ತೇನೆ.

ನನಗೆ ನಾಟಾಮೈಸಿನ್ ಒಂದರಲ್ಲೇ ವಾಸಿ ಆಯಿತು, ಆದರೆ ಏಳು ವಾರ ಹಿಡಿಯಿತು. ಎರಡನೇ ವಾರವೇ ತುಂಬ ಕಷ್ಟ. ನೋವು ಕಮ್ಮಿ ಆಗಿರುತ್ತದೆ, ಬಿಳಿ ಹಾಗೇ ಇರುತ್ತದೆ, ಮನೆಗೆ ಬಂದವರೆಲ್ಲ ಒಂದೊಂದು ಆಸ್ಪತ್ರೆ ಹೆಸರು ಹೇಳುತ್ತಾರೆ. ನನ್ನ ಹೆಂಡತಿ ಒಂದು ನೋಟ್‌ಬುಕ್ ಇಟ್ಟು ಪ್ರತಿ ಹನಿಗೂ ಗೀಟು ಹಾಕುತ್ತಿದ್ದಳು. ದಿನಕ್ಕೆ ಎಷ್ಟು ಸಲ ತಪ್ಪಿದೆ ಅಂತ ಅದರಲ್ಲಿ ಕಾಣುತ್ತಿತ್ತು, ಅದು ನೋಡಿ ನನಗೇ ಭಯ ಆಗಿ ಸರಿಯಾಗಿ ಹಾಕಿಸಿಕೊಂಡೆ.

ಇನ್ನೊಂದು ವಿಷಯ ನಮಗೆ ಮೊದಲು ಯಾರೂ ಹೇಳಿರಲಿಲ್ಲ. ಆ ಔಷಧಿ ಹಾಲಿನ ಥರ ಇರುತ್ತದೆ, ತಳದಲ್ಲಿ ಗಸಿ ಕೂತಿರುತ್ತದೆ. ಪ್ರತಿ ಸಲ ಬಾಟಲಿ ಚೆನ್ನಾಗಿ ಅಲ್ಲಾಡಿಸಬೇಕು, ಇಲ್ಲದಿದ್ದರೆ ಮೇಲಿನ ನೀರಷ್ಟೇ ಬೀಳುತ್ತದೆ. ಹಾಕಿದ ಮೇಲೆ ಹುಣ್ಣಿನ ಮೇಲೆ, ರೆಪ್ಪೆಯ ಅಂಚಿಗೆ ಬೆಳ್ಳಗೆ ಅಂಟಿಕೊಳ್ಳುತ್ತದೆ. ಅದು ಔಷಧಿ. ಹುಣ್ಣು ದೊಡ್ಡದಾಯಿತು ಅಂತ ನಾವು ಎರಡು ಸಲ ಗಾಬರಿಯಾಗಿ ಓಡಿದ್ದೇವೆ. ನೀವು ನೋಡುತ್ತಿರುವ ಬಿಳಿಯಲ್ಲೂ ಸ್ವಲ್ಪ ಅದೇ ಇರಬಹುದು, ಮುಂದಿನ ಸಲ ಹೋದಾಗ ಕೇಳಿ.

ಈಗ ಕಣ್ಣಲ್ಲಿ ಹೂ (ಬಿಳಿ ಕಲೆ) ಇದೆ, ನಮ್ಮ ಕಡೆ ಹಾಗೇ ಅನ್ನುತ್ತಾರೆ. ಮೊದಲ ವರ್ಷ ತೆಳುವಾಗುತ್ತಾ ಬಂತು, ಈಗ ದೊಡ್ಡ ಅಕ್ಷರ ಓದುತ್ತೇನೆ. ಆ ಕಣ್ಣು ಪೂರ್ತಿ ಹೋಗುತ್ತದೆ ಅಂದುಕೊಂಡಿದ್ದೆ.

ಪಿಹೆಚ್‌ಸಿ_ಸಿಸ್ಟರ್:

ತಮ್ಮಾ, ಅವ್ವ ಬೇಗ ಹುಷಾರಾಗಲಿ. ನಿಮ್ಮ ತಮ್ಮನನ್ನು ಯಾರೂ ಬಯ್ಯಬೇಡಿ. ಅವನು ಏನಾದರೂ ಮಾಡಬೇಕು ಅಂತ ಓಡಿದ ಹುಡುಗ. ಆ ಡ್ರಾಪ್ಸ್ ಎರಡು ದಿನ ಆರಾಮ ಕೊಟ್ಟಿದ್ದೇ ಮೋಸ. ಸ್ಟೀರಾಯ್ಡ್ ಕೆಂಪು, ಊತ ಇಳಿಸುತ್ತದೆ, ಒಳಗೆ ಫಂಗಸ್ ಬೆಳೆಯಲು ದಾರಿ ಬಿಡುತ್ತದೆ. ಕೊಯ್ಲಿನ ಸಮಯದಲ್ಲಿ ನನ್ನ ಹತ್ತಿರ ಬರುವ ಹತ್ತು ಕೆಂಪು ಕಣ್ಣಲ್ಲಿ ಕೆಲವರ ಕೈಯಲ್ಲಾದರೂ ಅಂಥ ಬಾಟಲಿ ಇದ್ದೇ ಇರುತ್ತದೆ.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ನೇಪಾಳದ ಭಕ್ತಪುರದಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ತರಬೇತಿಯಲ್ಲಿ ಕೇಳಿದ್ದೆ, ಮರೆಯಲು ಆಗಿಲ್ಲ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಕಲಿಸಿ, ಕಣ್ಣಿಗೆ ಗೀರು ಬಿದ್ದವರಿಗೆ ಕ್ಲೋರಾಂಫೆನಿಕಾಲ್ ಮುಲಾಮು ದಿನಕ್ಕೆ ಮೂರು ಸಲ, ಮೂರು ದಿನ ಹಾಕಿಸಿದರು. ಎರಡು ವರ್ಷದಲ್ಲಿ 442 ಜನ. ಪೆಟ್ಟಾದ 18 ಗಂಟೆಯೊಳಗೆ ಬಂದ 284 ಜನರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು ಬಂದ 49 ಜನರಲ್ಲಿ 14 ಜನಕ್ಕೆ ಹುಣ್ಣಾಯಿತು. ಅಷ್ಟೇ ವ್ಯತ್ಯಾಸ, ಒಂದು ದಿನ! ಆ ಮುಲಾಮು ಫಂಗಸ್ಸಿನದೂ ಅಲ್ಲ, ಸಾಮಾನ್ಯ ಆಂಟಿಬಯಾಟಿಕ್. ನಮ್ಮ ಆಶಾ ಅಕ್ಕಂದಿರಿಗೂ ಇದನ್ನು ಕಲಿಸಿ ಕೊಟ್ಟರೆ ರಾಶಿ ಸಮಯದಲ್ಲಿ ಎಷ್ಟು ಕಣ್ಣು ಉಳಿಯಬಹುದು ಅಲ್ವಾ?

ಕಾರ್ನಿಯಾ_ಪಿಜಿ:

ಸಿಸ್ಟರ್, ಭಕ್ತಪುರದ ಕೆಲಸ ನನಗೂ ಇಷ್ಟ. ಆದರೆ ಒಂದು ಮಾತು ಸೇರಿಸಬೇಕು. ಅದರಲ್ಲಿ ಹೋಲಿಸಲು ಇನ್ನೊಂದು ಗುಂಪು ಇರಲಿಲ್ಲ. ತಡವಾಗಿ ಬಂದವರು ಬಂದಿದ್ದೇ ಕಣ್ಣು ಕೆಟ್ಟಿದ್ದರಿಂದ ಇರಬಹುದು. ಆಮೇಲೆ ನೇಪಾಳದಲ್ಲೇ ಇನ್ನೂ ದೊಡ್ಡದಾಗಿ, ಕೆಲವು ಹಳ್ಳಿ ಗುಂಪುಗಳಿಗೆ ಈ ಸೇವೆ ಕೊಟ್ಟು ಕೆಲವಕ್ಕೆ ಕೊಡದೆ ಹೋಲಿಸಿ ನೋಡಿದರು. ಒಟ್ಟಾರೆ ಹುಣ್ಣಿನ ಸಂಖ್ಯೆ ಕಮ್ಮಿಯಾದದ್ದು ಕಾಣಲಿಲ್ಲ. ಮುಲಾಮು ಕೆಲಸ ಮಾಡುವುದಿಲ್ಲ ಅಂತ ನಾನು ಇದನ್ನು ಓದುವುದಿಲ್ಲ. ಸೇವೆ ಇದ್ದರೂ ಪೆಟ್ಟಾದ ಎಲ್ಲರೂ ಕಾರ್ಯಕರ್ತೆಯ ಹತ್ತಿರ ಬರುವುದಿಲ್ಲ. ಅವ್ವನೂ ಮೊದಲ ದಿನ "ಏನಿಲ್ಲ" ಅಂದವರೇ ತಾನೆ.

ನಾನು ಪಟ್ಟು ಹಿಡಿಯುವುದು ಕೆರೆದು ನೋಡುವ ಪರೀಕ್ಷೆಗೆ. ಅನುಭವಿ ಕಾರ್ನಿಯಾ (ಕರಿಗುಡ್ಡೆ) ತಜ್ಞರಿಗೇ ಹುಣ್ಣಿನ ಫೋಟೋ ತೋರಿಸಿ ಬ್ಯಾಕ್ಟೀರಿಯಾನಾ ಫಂಗಸ್ಸಾ ಅಂತ ಕೇಳಿದಾಗ ಮೂರರಲ್ಲಿ ಎರಡು ಸಲ ಮಾತ್ರ ಸರಿ ಹೇಳಿದರು. ಕೌಂಟರ್ ಹಿಂದೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ಕೆರೆದದ್ದನ್ನು ಗಾಜಿನ ಮೇಲಿಟ್ಟು ಒಂದು ಹನಿ ಕೆಓಹೆಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಹಾಕಿ ನೋಡಿದರೆ ಸ್ವಲ್ಪ ಹೊತ್ತಿಗೆ ಫಂಗಸ್ಸಿನ ಎಳೆ ಕಾಣುತ್ತದೆ. ಮೈಕ್ರೋಸ್ಕೋಪ್, ಕಲಿತ ಕೈ, ಅಷ್ಟು ಸಾಕು. ಅವ್ವನಿಗೆ ಮೊದಲ ದಿನವೇ ಅದನ್ನು ಮಾಡಿದ ಆಸ್ಪತ್ರೆ ಒಳ್ಳೆಯ ಆಸ್ಪತ್ರೆ.

ಬೆಲೆಯ ಬಗ್ಗೆಯೂ ಒಂದು ಮಾತು. ನಾಟಾಮೈಸಿನ್ ಸಿಗದ ಕಡೆ ಅಗ್ಗದ ಕ್ಲೋರ್‌ಹೆಕ್ಸಿಡಿನ್ ಡ್ರಾಪ್ಸ್ ಸಾಕಾ ಅಂತ ನೇಪಾಳದ ಲಹಾನ್‌ನಲ್ಲಿ 354 ಜನರಲ್ಲಿ ನೋಡಿದರು, 2022ರಲ್ಲಿ ಬಂತು. ಅಲ್ಲೂ ನಾಟಾಮೈಸಿನ್ನೇ ಮೇಲಾಯಿತು. 2017ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ನಮ್ಮ ಕಡೆ ಎಷ್ಟೋ ತಾಲೂಕಿನ ಮೆಡಿಕಲ್ ಶಾಪಲ್ಲಿ ಸ್ಟೀರಾಯ್ಡ್ ಡ್ರಾಪ್ಸ್ ತಕ್ಷಣ ಸಿಗುತ್ತದೆ, ನಾಟಾಮೈಸಿನ್ ಕೇಳಿದರೆ ನಾಳೆ ಬನ್ನಿ ಅನ್ನುತ್ತಾರೆ. ಇದು ನನಗೆ ತುಂಬ ಸಂಕಟ ಕೊಡುವ ವಿಷಯ.

ಸಿಂಧನೂರು_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಾಗರದ ಅಣ್ಣಾ, ನೀವು ಹೇಳಿದ ಬಾಟಲಿ ವಿಷಯ ಓದಿ ಎದ್ದು ಹೋಗಿ ನೋಡಿದೆ. ತಳದಲ್ಲಿ ದಪ್ಪಗೆ ಗಸಿ ಕೂತಿತ್ತು. ಇಷ್ಟು ದಿನ ನಾವು ಮೇಲಿನ ತಿಳಿಯನ್ನೇ ಹಾಕಿದ್ದೇವೆ ಅನಿಸುತ್ತದೆ. ನಿನ್ನೆ ರಾತ್ರಿಯಿಂದ ಅಲ್ಲಾಡಿಸಿ ಹಾಕುತ್ತಿದ್ದೇವೆ.

ಇವತ್ತು ಆಸ್ಪತ್ರೆಗೆ ಹೋಗಿ ಅದನ್ನೂ ಡಾಕ್ಟರಿಗೆ ಹೇಳಿದೆ. ಅವರು ಮತ್ತೆ ಒಂದು ವಾರ ಗಂಟೆಗೊಮ್ಮೆ ಹಾಕಲು ಹೇಳಿದರು. ಹುಣ್ಣಿನ ಅಂಚು ಒಣಗುತ್ತಿದೆಯಂತೆ, ಕೀವು ಇಲ್ಲವಂತೆ. ಮಾತ್ರೆ ಕೇಳಿದೆ, ಸದ್ಯಕ್ಕೆ ಬೇಡ, ಫಂಗಸ್ ಬೆಳೆಸಿ ನೋಡುವ ಕಲ್ಚರ್ ರಿಪೋರ್ಟಿನಲ್ಲಿ ಫ್ಯುಸೇರಿಯಂ ಬಂದರೆ ಯೋಚನೆ ಮಾಡೋಣ ಅಂದರು. ಪಿಜಿ ಡಾಕ್ಟರು ಬರೆದದ್ದನ್ನೇ ಅವರ ಬಾಯಲ್ಲೂ ಕೇಳಿ ಧೈರ್ಯ ಬಂತು. ಮಾವನಿಗೂ ಫೋನ್ ಮಾಡಿ ಹೇಳಿದೆ.

ತಮ್ಮ ಒಂದು ವಾರದಿಂದ ಅವ್ವನ ಮುಖ ನೋಡಿ ಮಾತಾಡಿರಲಿಲ್ಲ. ಸಿಸ್ಟರ್ ಬರೆದದ್ದನ್ನು ಅವನಿಗೆ ಓದಿಸಿದೆ. ಈಗ ರಾತ್ರಿ ಪಾಳಿ ಅವನದು, ಮೊಬೈಲಲ್ಲಿ ಅಲಾರಂ ಇಟ್ಟುಕೊಂಡು ಅವನೇ ಎದ್ದು ಹಾಕುತ್ತಾನೆ. ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.